ಊರಾಚೆಯ ತಾರಾಗುಚ್ಛ

ಎನ್‌ಜಿಸಿ 602 ಎಂದು ಬರಿ ಹೆಸರು ಹೇಳಿದರೆ ಕೇಳಿದವರಿಗೆ ಏನೂ ಹೊಳೆಯುವುದಿಲ್ಲ. ಚಿತ್ರ ತೋರಿಸಿದರೆ ಮಾತ್ರ ‘ಓ, ಇದಾ? ನೋಡಿದೀನಲ್ಲ’ ಅನ್ನುತ್ತಾರೆ. 2007ರ ಜನವರಿಯಲ್ಲಿ ಹಬಲ್ ದೂರದರ್ಶಕದವರು ಬಿಡುಗಡೆ ಮಾಡಿದ ಆ ಚಿತ್ರ ಕ್ಯಾಲೆಂಡರ್, ಪುಸ್ತಕದ ಮುಖಪುಟ, ಮೊಬೈಲ್ ಪರದೆ ಎನ್ನದೆ ಎಲ್ಲ ಕಡೆ ಸುತ್ತಿ ಬಂದಿದೆ. ನಡುವೆ ನೀಲಿ ಬಿಳುಪಿನ ನಕ್ಷತ್ರಗಳ ಒಂದು ಗುಂಪು. ಸುತ್ತಲೂ ಅನಿಲ ಮತ್ತು ದೂಳಿನ ಗವಿ. ಗವಿಯ ಗೋಡೆಗಳಿಂದ ಒಳಕ್ಕೆ ಚಾಚಿಕೊಂಡ ಕಂಬಗಳು, ಎಲ್ಲವೂ ನಡುವಿನ ನಕ್ಷತ್ರಗಳತ್ತಲೇ ಬೊಟ್ಟು ಮಾಡುತ್ತಿವೆ. ಕಣ್ಣು ಸ್ವಲ್ಪ ಪಳಗಿದವರಿಗೆ ಮೂಲೆಗಳಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ: ಸುರುಳಿ ಸುರುಳಿಯಾದ ಪುಟಾಣಿ ಗ್ಯಾಲಕ್ಸಿಗಳು. ಅವು ಈ ಗುಚ್ಛಕ್ಕಿಂತ ಎಷ್ಟೋ ಕೋಟಿ ಜ್ಯೋತಿರ್ವರ್ಷ ಆಚೆ ಇರುವವು.

ಆ ಮೂಲೆಯ ಗ್ಯಾಲಕ್ಸಿಗಳನ್ನೇ ಹಿಡಿದುಕೊಂಡು ಈ ವಾರದ ಅಂಕಣ ಶುರು ಮಾಡುತ್ತೇನೆ. ನಮ್ಮ ಆಕಾಶಗಂಗೆಯೊಳಗೆ ನಕ್ಷತ್ರಗಳು ಹುಟ್ಟುವ ಜಾಗಗಳ ಚಿತ್ರ ನೋಡಿ. ಮಹಾವ್ಯಾಧನ ನೀಹಾರಿಕೆಯಾಗಲಿ, ಧನು ರಾಶಿಯ ಕಡೆಯ ನೀಹಾರಿಕೆಗಳಾಗಲಿ, ಹಿಂದಿನದೇನೂ ಸುಲಭವಾಗಿ ಕಾಣುವುದಿಲ್ಲ. ದೂಳು ಅಷ್ಟು ದಟ್ಟ. ಎನ್‌ಜಿಸಿ 602ರ ಸುತ್ತ ಮಾತ್ರ ಆಚೆಗಿನದು ತೋರುವಷ್ಟು ತಿಳಿಯಾದ ಬಯಲು. ಪೇಟೆಯ ಗದ್ದಲ ಬಿಟ್ಟು ಊರಾಚೆ ಕಟ್ಟಿದ ಒಂಟಿ ಮನೆಯ ಹಾಗೆ ಅದು ನಿಂತಿದೆ. ಅದರ ಚೆಲುವಿನ ಬಗ್ಗೆ ನನಗೆ ತಕರಾರಿಲ್ಲ. ಆದರೆ ಖಗೋಳದವರು ಮತ್ತೆ ಮತ್ತೆ ಅದರ ಬಾಗಿಲಿಗೆ ಹೋಗಿ ನಿಲ್ಲುವುದು ಅದರ ಒಂಟಿತನಕ್ಕಾಗಿ ಮತ್ತು ಬಡತನಕ್ಕಾಗಿ. ಬಡತನದ ವಿಷಯಕ್ಕೆ ಆಮೇಲೆ ಬರೋಣ.

ಮೊದಲು ವಿಳಾಸ. ನಮ್ಮ ಗ್ಯಾಲಕ್ಸಿಗೆ ನೆರೆಯವರಾದ ಎರಡು ಕುಬ್ಜ ಗ್ಯಾಲಕ್ಸಿಗಳಿವೆ, ದೊಡ್ಡ ಮತ್ತು ಸಣ್ಣ ಮೆಗಲಾನಿಕ್ ಮೋಡಗಳು. ದಕ್ಷಿಣ ಗೋಳಾರ್ಧದ ಕತ್ತಲ ರಾತ್ರಿಯಲ್ಲಿ ಬರಿಗಣ್ಣಿಗೆ ಆಕಾಶಗಂಗೆಯಿಂದ ಹರಿದು ಬಿದ್ದ ಎರಡು ತುಣುಕಿನಂತೆ ಕಾಣುತ್ತವೆ. ದೊಡ್ಡದು ಸುಮಾರು 1.6 ಲಕ್ಷ ಜ್ಯೋತಿರ್ವರ್ಷ ದೂರ, ಸಣ್ಣದು ಸುಮಾರು 2 ಲಕ್ಷ. ಸಣ್ಣ ಮೋಡದಿಂದ ದೊಡ್ಡದರ ಕಡೆಗೆ ನಕ್ಷತ್ರಗಳ ಒಂದು ತೆಳು ಚಾಚು ಇದೆ. 1940ರಲ್ಲಿ ಖಗೋಳಜ್ಞ ಹಾರ್ಲೊ ಶಾಪ್ಲಿ ಅದನ್ನು ಗುರುತಿಸಿದ, ಈಗ ಅದಕ್ಕೆ ‘ರೆಕ್ಕೆ’ ಎಂದೇ ಹೆಸರು. 1963ರಲ್ಲಿ ಆಸ್ಟ್ರೇಲಿಯದ ರೇಡಿಯೊ ಖಗೋಳದವರು ಆ ರೆಕ್ಕೆಯಾಚೆಗೂ ಹೈಡ್ರೊಜನ್ ಅನಿಲ ಹಬ್ಬಿರುವುದನ್ನು, ಅದು ಎರಡೂ ಮೋಡಗಳನ್ನು ಸೇರಿಸುವ ಸೇತುವೆಯಾಗಿರುವುದನ್ನು ಕಂಡರು. ಸುಮಾರು 15ರಿಂದ 20 ಕೋಟಿ ವರ್ಷಗಳ ಹಿಂದೆ ಈ ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ತೀರ ಹತ್ತಿರ ಹಾದು ಹೋಗಿದ್ದಾರೆ. ಆ ಎಳೆದಾಟದಲ್ಲಿ ಸಣ್ಣವನ ಮೈಯಿಂದ ಕಿತ್ತು ಬಂದ ಅನಿಲವೇ ಸೇತುವೆ. ಎನ್‌ಜಿಸಿ 602 ಇರುವುದು ಆ ರೆಕ್ಕೆಯಲ್ಲಿ. ನಕ್ಷೆಯಲ್ಲಿ ಹುಡುಕುವವರಿಗೆ ಹೈಡ್ರಸ್ ಎಂಬ ಪುಟ್ಟ ನಕ್ಷತ್ರಪುಂಜದ ಗಡಿಯೊಳಗೆ ಸಿಗುತ್ತದೆ.

ತಾರಾಗುಚ್ಛಗಳಲ್ಲಿ ಗೋಳಗುಚ್ಛ, ಮುಕ್ತಗುಚ್ಛ ಎಂದು ನಾವು ಎರಡು ಬಗೆ ಮಾಡುತ್ತೇವೆ. ಕೃತ್ತಿಕೆ ಮುಕ್ತಗುಚ್ಛಕ್ಕೆ ಎಲ್ಲರೂ ಬಲ್ಲ ಉದಾಹರಣೆ: ಒಂದೇ ಮೋಡದಿಂದ ಒಟ್ಟಿಗೆ ಹುಟ್ಟಿದ, ಸಡಿಲವಾಗಿ ಹೊಂದಿಕೊಂಡಿರುವ, ಕಾಲ ಕಳೆದಂತೆ ಚದುರಿ ಹೋಗುವ ನಕ್ಷತ್ರಗಳು. ಗೋಳಗುಚ್ಛಗಳು ಸಾವಿರ ಕೋಟಿ ವರ್ಷ ದಾಟಿದ ಮುದುಕರು, ಲಕ್ಷಗಟ್ಟಲೆ ನಕ್ಷತ್ರಗಳ ಬಿಗಿ ಉಂಡೆಗಳು. ಆಕಾಶಗಂಗೆಯಲ್ಲಿ ಈ ವಿಂಗಡಣೆ ಚೆನ್ನಾಗಿ ನಡೆಯುತ್ತದೆ. ಮೆಗಲಾನಿಕ್ ಮೋಡಗಳಲ್ಲಿ ಎಡವುತ್ತದೆ. ದೊಡ್ಡ ಮೋಡದ ಎನ್‌ಜಿಸಿ 1866 ನೋಡಲು ಗೋಳಗುಚ್ಛದಂತೆ ದುಂಡಗೆ ತುಂಬಿಕೊಂಡಿದೆ, ವಯಸ್ಸು ನೋಡಿದರೆ 20 ಕೋಟಿ ವರ್ಷದ ಆಸುಪಾಸು. ಅದನ್ನು ಯಾವ ಪಂಕ್ತಿಯಲ್ಲಿ ಕೂರಿಸುವುದು ಎಂಬ ಬಗ್ಗೆ ತಜ್ಞರಲ್ಲಿ ಇನ್ನೂ ಗೊಣಗಾಟವಿದೆ. ನಮ್ಮ 602ಕ್ಕೆ ಆ ತೊಡಕಿಲ್ಲ. ಅದು ಐವತ್ತು ಲಕ್ಷ ವರ್ಷವೂ ಸರಿಯಾಗಿ ತುಂಬದ ಎಳೆ ಮುಕ್ತಗುಚ್ಛ. ಐವತ್ತು ಲಕ್ಷ ಎಂದರೆ ನಕ್ಷತ್ರಗಳ ಲೆಕ್ಕದಲ್ಲಿ ಬಾಣಂತನವೂ ಮುಗಿದಿರುವುದಿಲ್ಲ. ಅದರೊಳಗಿನ ಸಣ್ಣ ನಕ್ಷತ್ರಗಳು ಇನ್ನೂ ಕುಗ್ಗುತ್ತಲೇ ಇವೆ, ಒಡಲಲ್ಲಿ ಹೈಡ್ರೊಜನ್ ಉರಿ ಸರಿಯಾಗಿ ಹೊತ್ತಿಕೊಂಡಿಲ್ಲ.

ಇದನ್ನು ಮೊದಲು ಕಂಡವನ ಕತೆ ನನಗೆ ಬಹಳ ಇಷ್ಟ. ಹೆಸರು ಜೇಮ್ಸ್ ಡನ್‌ಲಪ್. ಸ್ಕಾಟ್ಲೆಂಡಿನ ನೇಕಾರನ ಮಗ, ಹದಿಹರೆಯದಲ್ಲೇ ನೂಲಿನ ಕಾರ್ಖಾನೆಯಲ್ಲಿ ದುಡಿಮೆಗೆ ನಿಂತವನು. ದೂರದರ್ಶಕ ಕಟ್ಟುವುದನ್ನು ತಾನಾಗಿಯೇ ಕಲಿತ. ನ್ಯೂ ಸೌತ್ ವೇಲ್ಸ್‌ನ ಗವರ್ನರ್ ಆಗಿ ನೇಮಕಗೊಂಡ ಥಾಮಸ್ ಬ್ರಿಸ್ಬೇನ್‌ಗೆ ನಕ್ಷತ್ರಗಳ ಹುಚ್ಚು. 1821ರಲ್ಲಿ ಅವನು ಹಡಗು ಹತ್ತುವಾಗ ಡನ್‌ಲಪ್‌ನನ್ನೂ ಕರೆದುಕೊಂಡು ಹೋದ. ಸಿಡ್ನಿಯ ಪಕ್ಕದ ಪರಮಟ್ಟಾದಲ್ಲಿ ವೀಕ್ಷಣಾಲಯ ಕಟ್ಟಿದರು. ಗವರ್ನರ್ ಊರಿಗೆ ಮರಳಿದ ಮೇಲೆ ಡನ್‌ಲಪ್ ಅಲ್ಲೇ ಉಳಿದ. 1826ರಲ್ಲಿ ತಾನೇ ಮಾಡಿಕೊಂಡ ಒಂಬತ್ತು ಇಂಚಿನ ಲೋಹದ ಕನ್ನಡಿಯ ದೂರದರ್ಶಕ ಹಿಡಿದು ದಕ್ಷಿಣದ ಆಕಾಶವನ್ನು ಪಟ್ಟಿ ಪಟ್ಟಿಯಾಗಿ ಗುಡಿಸಿದ. 629 ಮಸುಕು ವಸ್ತುಗಳ ಯಾದಿ ಸಿದ್ಧವಾಯಿತು. 1828ರಲ್ಲಿ ಅದು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು, ಅದೇ ವರ್ಷ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಚಿನ್ನದ ಪದಕವೂ ಬಂತು.

ಮಾನ ಹೋಗಿದ್ದು ಆಮೇಲೆ. 1834ರಿಂದ 38ರವರೆಗೆ ದಕ್ಷಿಣ ಆಫ್ರಿಕದ ಕೇಪ್‌ನಲ್ಲಿ ಬೀಡುಬಿಟ್ಟಿದ್ದ ಖಗೋಳಜ್ಞ ಜಾನ್ ಹರ್ಷೆಲ್, ಡನ್‌ಲಪ್‌ನ ಯಾದಿ ಹಿಡಿದು ಹುಡುಕಿದಾಗ ಅವನಿಗೆ ಸಿಕ್ಕಿದ್ದು 211 ಮಾತ್ರ. ಉಳಿದವು ಇದ್ದ ಜಾಗದಲ್ಲಿ ಇರಲಿಲ್ಲ, ಕೆಲವು ಎಲ್ಲಿಯೂ ಇರಲಿಲ್ಲ. ಮಸುಕು ಜೋಡಿ ನಕ್ಷತ್ರಗಳನ್ನು ಡನ್‌ಲಪ್ ನೀಹಾರಿಕೆ ಎಂದು ಬರೆದುಕೊಂಡಿದ್ದ. ಹರ್ಷೆಲ್ ಈ ಲೆಕ್ಕವನ್ನು ಅಚ್ಚಿನಲ್ಲೇ ಹೇಳಿದ್ದರಿಂದ ಡನ್‌ಲಪ್‌ನ ಹೆಸರು ಶಾಶ್ವತವಾಗಿ ಮಂಕಾಯಿತು. ನನ್ನ ಮಟ್ಟಿಗೆ ಇದು ಅನ್ಯಾಯದ ತೀರ್ಪು. ಅಷ್ಟು ಬಡ ಸಲಕರಣೆಯಲ್ಲಿ ಅವನು ಎನ್‌ಜಿಸಿ 602ರಂಥ ಸಣ್ಣ ಮಸುಕನ್ನು ಬಿಡದೆ ಗುರುತು ಹಾಕಿದ್ದ, ಅದು ಇವತ್ತಿಗೂ ಅವನು ಹೇಳಿದ ಪ್ರದೇಶದಲ್ಲೇ ಇದೆ. ಇನ್ನೂರು ವರ್ಷವಾದ ಮೇಲೆ ಪ್ರಪಂಚದ ಅತಿ ದುಬಾರಿ ದೂರದರ್ಶಕವಾದ ವೆಬ್ ಅದೇ ಜಾಗಕ್ಕೆ ಕಣ್ಣಿಟ್ಟಿದೆ. 602 ಎಂಬ ಸಂಖ್ಯೆ ಡನ್‌ಲಪ್ ಕೊಟ್ಟಿದ್ದಲ್ಲ. 1888ರಲ್ಲಿ ಐರ್ಲೆಂಡಿನ ಆರ್ಮಾದಲ್ಲಿದ್ದ ಡ್ರೇಯರ್ 7,840 ವಸ್ತುಗಳ ಹೊಸ ಸಾಮಾನ್ಯ ಯಾದಿ (ಅದೇ ಎನ್‌ಜಿಸಿ) ಮಾಡಿದಾಗ ಅಂಟಿಕೊಂಡದ್ದು.

ಗುಚ್ಛವನ್ನು ಸುತ್ತುವರಿದ ನೀಹಾರಿಕೆಗೆ ಬೇರೆ ಹೆಸರಿದೆ, ಎನ್90. ಆ ‘ಎನ್’ ಯಾದಿ ಮಾಡಿದವನು ಕಾರ್ಲ್ ಹೆನೈಜ್. ದಕ್ಷಿಣ ಆಫ್ರಿಕದಲ್ಲಿ ಕೂತು ಮೆಗಲಾನಿಕ್ ಮೋಡಗಳ ಹೊಳೆವ ಅನಿಲಗಳ ಫೋಟೊ ತೆಗೆದು 1956ರಲ್ಲಿ ಪಟ್ಟಿ ಪ್ರಕಟಿಸಿದ. ಮುಂದೆ ಗಗನಯಾತ್ರಿಯಾಗಿ 1985ರಲ್ಲಿ, ಐವತ್ತೆಂಟನೆಯ ವಯಸ್ಸಿನಲ್ಲಿ, ಚಾಲೆಂಜರ್ ನೌಕೆಯಲ್ಲಿ ಹಾರಿಬಂದ. 1993ರಲ್ಲಿ ಎವರೆಸ್ಟ್‌ಗೆ ಹೋದ ತಂಡದ ಜೊತೆಯಿದ್ದಾಗ ಎತ್ತರದ ಕಾಯಿಲೆಯಿಂದ ಅಲ್ಲೇ ತೀರಿಕೊಂಡ. ಯಾದಿ ಮಾಡುವವರೆಂದರೆ ಮೇಜಿಗೆ ಅಂಟಿಕೊಂಡ ಗುಮಾಸ್ತರು ಎಂದುಕೊಂಡವರು ಇವನನ್ನು ನೆನೆಯಬೇಕು.

ಎರಡು ಲಕ್ಷ ಜ್ಯೋತಿರ್ವರ್ಷ ಎಂದು ಮೇಲೆ ಸಲೀಸಾಗಿ ಬರೆದುಬಿಟ್ಟೆ. ಅಂಥ ದೂರ ಅಳೆಯುವ ಕೋಲು ಸಿಕ್ಕಿದ್ದೂ ಇದೇ ಸಣ್ಣ ಮೋಡದಲ್ಲಿ. ಹಾರ್ವರ್ಡ್‌ನವರು ಪೆರು ದೇಶದ ಅರೆಕಿಪಾದಲ್ಲಿ ತೆಗೆದ ಗಾಜಿನ ಫಲಕಗಳನ್ನು ಪರಿಶೀಲಿಸುತ್ತಿದ್ದ ಹೆನ್ರಿಯೆಟಾ ಲೀವಿಟ್, ಎರಡೂ ಮೋಡಗಳಲ್ಲಿ ಹೊಳಪು ಬದಲಾಗುವ 1,777 ನಕ್ಷತ್ರಗಳನ್ನು ಹುಡುಕಿ 1908ರಲ್ಲಿ ಪ್ರಕಟಿಸಿದಳು. 1912ರಲ್ಲಿ ಸಣ್ಣ ಮೋಡದ 25 ನಕ್ಷತ್ರಗಳನ್ನು ಆಯ್ದು, ಹೆಚ್ಚು ಹೊಳಪಿನವು ನಿಧಾನವಾಗಿ ಮಿಡಿಯುತ್ತವೆ ಎಂಬ ನಿಯಮ ತೋರಿಸಿದಳು. ಎಲ್ಲವೂ ನಮ್ಮಿಂದ ಸರಿಸುಮಾರು ಒಂದೇ ದೂರದಲ್ಲಿದ್ದುದರಿಂದ ಅದು ಸಾಧ್ಯವಾಯಿತು. ಗ್ಯಾಲಕ್ಸಿಗಳ ದೂರದ ಲೆಕ್ಕವೆಲ್ಲ ಅಲ್ಲಿಂದ ಹೊರಟಿತು. ಇವಳ ಬಗ್ಗೆ ಪ್ರತ್ಯೇಕ ಅಂಕಣವೇ ಬೇಕು, ಇಲ್ಲಿ ಇಷ್ಟು ಸಾಕು.

ಈಗ ಬಡತನ. ಖಗೋಳದವರಿಗೆ ಹೈಡ್ರೊಜನ್, ಹೀಲಿಯಂ ಬಿಟ್ಟು ಉಳಿದದ್ದೆಲ್ಲ ‘ಲೋಹ’. ಆಮ್ಲಜನಕವೂ ಲೋಹ, ಇಂಗಾಲವೂ ಲೋಹ. ಕೇಳಿ ರಸಾಯನ ಶಾಸ್ತ್ರದ ಮೇಷ್ಟರಿಗೆ ಸಿಟ್ಟು ಬಂದರೆ ಬರಲಿ. ಈ ಲೋಹಗಳೆಲ್ಲ ನಕ್ಷತ್ರಗಳ ಒಡಲಲ್ಲಿ ಬೆಂದು, ಅವು ಸತ್ತಾಗ ಹೊರಬಿದ್ದು, ಮುಂದಿನ ಪೀಳಿಗೆಯ ಮೈ ಸೇರುತ್ತವೆ. ದೊಡ್ಡ ಗ್ಯಾಲಕ್ಸಿಗಳಲ್ಲಿ ತಲೆಮಾರುಗಳು ಬೇಗ ಬೇಗ ಆಗಿಹೋಗಿ ಲೋಹ ಕೂಡಿಬಿದ್ದಿದೆ. ಸಣ್ಣ ಮೆಗಲಾನಿಕ್ ಮೋಡದಲ್ಲಿ ನಮ್ಮ ಸೂರ್ಯನಲ್ಲಿರುವುದರ ಐದನೆಯ ಒಂದು ಪಾಲಿನಷ್ಟು ಮಾತ್ರ ಇದೆ. ವಿಶ್ವ ಇನ್ನೂ ಚಿಕ್ಕದಾಗಿದ್ದಾಗ, ಗ್ಯಾಲಕ್ಸಿಗಳು ಭರದಿಂದ ನಕ್ಷತ್ರಗಳನ್ನು ಹೆರುತ್ತಿದ್ದ ಕಾಲದಲ್ಲಿ, ಅವುಗಳ ಸ್ಥಿತಿ ಹೆಚ್ಚುಕಮ್ಮಿ ಹೀಗೇ ಇತ್ತು. ಆ ಕಾಲದ ಗ್ಯಾಲಕ್ಸಿಗಳನ್ನು ವೆಬ್ ದೂರದರ್ಶಕ ನೋಡಬಲ್ಲದು, ನಿಜ. ಆದರೆ ಅಷ್ಟು ದೂರದಲ್ಲಿ ಇಡೀ ಗ್ಯಾಲಕ್ಸಿಯೇ ಒಂದು ಚುಕ್ಕೆ, ಅದರೊಳಗಿನ ಒಂದೊಂದು ನಕ್ಷತ್ರವನ್ನು ಎಣಿಸಲಾಗದು. 602ರಲ್ಲಿ ಎಣಿಸಬಹುದು. ಹಳೆಯ ಕಾಲದ ಪದ್ಧತಿಯಲ್ಲಿ ನಕ್ಷತ್ರ ಹುಟ್ಟುತ್ತಿರುವ ಜಾಗ ನೆರೆಯಲ್ಲೇ ಉಳಿದುಕೊಂಡಿದೆ.

ಲೋಹ ಕಡಿಮೆಯಾದರೆ ಏನಾಗುತ್ತದೆ? ಅನಿಲದ ಮೋಡ ಕುಸಿದು ನಕ್ಷತ್ರವಾಗಬೇಕಾದರೆ ಅದು ತನ್ನ ಕಾವನ್ನು ಹೊರಕ್ಕೆ ಬಿಡಬೇಕು, ಇಲ್ಲದಿದ್ದರೆ ಒಳಗಿನ ಒತ್ತಡ ಕುಸಿತವನ್ನು ತಡೆಯುತ್ತದೆ. ಕಾವು ಬಿಡುವ ಕೆಲಸವನ್ನು ಮುಖ್ಯವಾಗಿ ಮಾಡುವುದು ಇಂಗಾಲ, ಆಮ್ಲಜನಕ ಮತ್ತು ದೂಳಿನ ಕಣಗಳು. ಅವು ಕಡಿಮೆಯಿದ್ದ ಕಡೆ ಮೋಡ ತಣಿಯಲು ಕಷ್ಟಪಡುತ್ತದೆ. ದೂಳಿನ ಮರೆಯಿಲ್ಲದ್ದರಿಂದ ನಕ್ಷತ್ರಗಳ ಅತಿನೇರಳೆ ಕಿರಣ ಇನ್ನೂ ದೂರದವರೆಗೆ ನುಗ್ಗಿ ಅನಿಲವನ್ನು ಒಡೆಯುತ್ತದೆ. ದೊಡ್ಡ ನಕ್ಷತ್ರಗಳ ಮೈಯಿಂದ ಬೀಸುವ ಗಾಳಿಯಾದರೋ ಲೋಹದ ಪರಮಾಣುಗಳ ಮೇಲೆ ಬೆಳಕು ಒತ್ತುವುದರಿಂದ ಏಳುವಂಥದು. ಲೋಹವಿಲ್ಲದೆಡೆ ಆ ಗಾಳಿ ಸಪ್ಪೆ. ಹೀಗೆ ಇಲ್ಲಿ ನಕ್ಷತ್ರಗಳು ಹುಟ್ಟಬಾರದು ಎನ್ನುವುದಕ್ಕೂ ಕಾರಣಗಳಿವೆ, ಹುಟ್ಟಿದವು ಬೇರೆ ರೀತಿ ಬಾಳಬೇಕು ಎನ್ನುವುದಕ್ಕೂ ಕಾರಣಗಳಿವೆ. ಆದರೂ ಕಣ್ಣೆದುರಿಗೆ ಗವಿ ಕೊರೆದು ಕೂತ ಸಂಸಾರವಿದೆ.

ಒಂಟಿತನ ಇಲ್ಲಿ ಕೆಲಸಕ್ಕೆ ಬರುತ್ತದೆ. ಗದ್ದಲದ ಜಾಗದಲ್ಲಿ ಯಾವ ನಕ್ಷತ್ರ ಯಾರಿಂದ ಹುಟ್ಟಿತು, ಯಾವ ಸ್ಫೋಟ ಯಾವ ಮೋಡವನ್ನು ಹಿಂಡಿತು ಎಂದು ಬಿಡಿಸಿ ಹೇಳುವುದು ಕಷ್ಟ. ಇಲ್ಲಿ ಸಾಕ್ಷಿಗಳು ಕಡಿಮೆ, ಕತೆ ನೇರ. ಸುತ್ತಲಿನ ಹೈಡ್ರೊಜನ್ ಅನಿಲವನ್ನು ರೇಡಿಯೊದಲ್ಲಿ ಅಳೆದವರು, ಹಿಗ್ಗುತ್ತಿದ್ದ ಎರಡು ಅನಿಲದ ಚಿಪ್ಪುಗಳು ಒಂದಕ್ಕೊಂದು ತಾಗಿದ ಕಡೆ ಈ ಗುಚ್ಛ ಹುಟ್ಟಿರಬೇಕು ಎಂದು ತರ್ಕಿಸಿದ್ದಾರೆ. ಮೊದಲು ನಡುವಿನ ದೊಡ್ಡ ನಕ್ಷತ್ರಗಳು ಹೊತ್ತಿಕೊಂಡವು. ಅವುಗಳ ಕಿರಣ ಸುತ್ತಲಿನ ಅನಿಲವನ್ನು ಸವೆಸುತ್ತ ಹೋಯಿತು. ಸವೆಯದೆ ಉಳಿದ ಗಟ್ಟಿ ಭಾಗಗಳೇ ಚಿತ್ರದಲ್ಲಿ ಕಾಣುವ ಕಂಬಗಳು. ಆ ಗೋಡೆ ಮತ್ತು ಕಂಬಗಳ ಅಂಚಿನಲ್ಲಿ ಈಗ ಇನ್ನೂ ಎಳೆಯ ನಕ್ಷತ್ರಗಳು ಕಣ್ಣು ಬಿಡುತ್ತಿವೆ. ನಡುವಿನಿಂದ ಅಂಚಿಗೆ ಹೋದಂತೆ ವಯಸ್ಸು ಇಳಿಯುತ್ತದೆ. ಚಿತ್ರದ ಅಗಲ ಸುಮಾರು 180 ಜ್ಯೋತಿರ್ವರ್ಷ. ಅಷ್ಟರೊಳಗೆ ಎರಡು ಹೆರಿಗೆಯ ದಾಖಲೆ ಸ್ಪಷ್ಟವಾಗಿ ಓದಲು ಸಿಗುವುದು ಅಪರೂಪ.

2013ರಲ್ಲಿ ಚಂದ್ರ ಎಕ್ಸ್-ರೇ ವೀಕ್ಷಣಾಲಯದ ಸರದಿ ಬಂತು (ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರಿನದು). ಲಿಡಿಯಾ ಓಸ್ಕಿನೋವಾ ಅವರ ತಂಡ ಈ ಗುಚ್ಛದ ಎಳೆಯ, ಸೂರ್ಯನಷ್ಟು ತೂಕದ ನಕ್ಷತ್ರಗಳಿಂದ ಬರುವ ಎಕ್ಸ್-ರೇ ಹಿಡಿಯಿತು. ಆಕಾಶಗಂಗೆಯ ಹೊರಗೆ ಅಂಥ ಸಾಮಾನ್ಯ ಎಳೆಯ ನಕ್ಷತ್ರಗಳ ಎಕ್ಸ್-ರೇ ಸಿಕ್ಕಿದ್ದು ಅದೇ ಮೊದಲು. ನಕ್ಷತ್ರದ ಕಾಂತಕ್ಷೇತ್ರ ಎಷ್ಟು ಚುರುಕಾಗಿದೆ ಎಂಬುದನ್ನು ಈ ಕಿರಣಗಳು ಹೇಳುತ್ತವೆ. ಬಡ ಮನೆಯ ಮಕ್ಕಳೂ ನಮ್ಮ ಕಡೆಯ ಮಕ್ಕಳಷ್ಟೇ ತುಂಟರು ಎಂದು ಗೊತ್ತಾಯಿತು.

ಎಲ್ಲಕ್ಕಿಂತ ದೊಡ್ಡ ಸುದ್ದಿ 2024ರ ಅಕ್ಟೋಬರಿನದು. ವೆಬ್ ದೂರದರ್ಶಕದ ಅವಕೆಂಪು ಕಣ್ಣು 602ರಲ್ಲಿ 64 ಕಂದು ಕುಬ್ಜಗಳ ಸುಳಿವು ಹಿಡಿಯಿತು. ಪೀಟರ್ ಝೈಡ್ಲರ್ ಮುಂದಾಳಾಗಿದ್ದ ತಂಡದ ಕೆಲಸ ಅದು. ಕಂದು ಕುಬ್ಜ ಎಂದರೆ ನಕ್ಷತ್ರವಾಗಲು ಹೊರಟು ತೂಕ ಸಾಲದೆ ನಿಂತುಹೋದದ್ದು. ಗುರುಗ್ರಹದ ಹದಿಮೂರು ಪಟ್ಟಿನಿಂದ ಶುರುವಾಗಿ ಎಪ್ಪತ್ತೈದು ಪಟ್ಟಿನ ಆಸುಪಾಸಿನವರೆಗೆ ಇವುಗಳ ತೂಕ. ಹೈಡ್ರೊಜನ್ ಉರಿ ನೆಲೆನಿಲ್ಲುವುದಿಲ್ಲ, ಹುಟ್ಟಿನ ಕಾವಿನಲ್ಲೇ ಮಂದವಾಗಿ ಹೊಳೆದು ತಣಿಯುತ್ತ ಹೋಗುತ್ತವೆ. ಆಕಾಶಗಂಗೆಯಲ್ಲಿ ಇಂಥವು ಸುಮಾರು ಮೂರು ಸಾವಿರ ಗೊತ್ತಿವೆ. ಬೇರೊಂದು ಗ್ಯಾಲಕ್ಸಿಯಲ್ಲಿ, ಅದೂ ಗುಂಪಾಗಿ, ಕಂಡಿದ್ದು ಇದೇ ಮೊದಲು. ಪತ್ರಿಕೆಗಳ ತಲೆಬರಹಗಳು ‘ಪತ್ತೆ’ ಎಂದು ಕೂಗಿದವು. ತಂಡದವರು ಬಳಸಿದ್ದು ‘ಅಭ್ಯರ್ಥಿಗಳು’ ಎಂಬ ಮಾತನ್ನು, ಅದೇ ಸರಿ. ಬಣ್ಣ ಮತ್ತು ಹೊಳಪಿನಿಂದ ಅಂದಾಜು ಮಾಡಿದ್ದಾರೆ, ಒಂದೊಂದರದೂ ರೋಹಿತ ತೆಗೆದು ಖಚಿತಪಡಿಸಿಲ್ಲ.

ಈ ಅಭ್ಯರ್ಥಿಗಳ ತೂಕ ಗುರುವಿನ 50ರಿಂದ 84 ಪಟ್ಟು. ಎಪ್ಪತ್ತೈದರ ಗಡಿ ದಾಟಿದವನ್ನೂ ಕುಬ್ಜ ಎಂದು ಹೇಗೆ ಕರೆದರು ಎಂದು ಓದುಗರು ಕೇಳಬಹುದು. ಉತ್ತರ ಮತ್ತೆ ಬಡತನದಲ್ಲೇ ಇದೆ. ಭಾರತ ಮೂಲದ ಖಗೋಳ ವಿಜ್ಞಾನಿ ಶಿವ್ ಕುಮಾರ್ 1963ರಲ್ಲಿ, ಒಂದು ಕಂದು ಕುಬ್ಜವೂ ಯಾರ ಕಣ್ಣಿಗೂ ಬೀಳದಿದ್ದ ಕಾಲದಲ್ಲಿ, ಕಾಗದದ ಮೇಲೆ ಲೆಕ್ಕ ಹಾಕಿ ಇಂಥ ಕಾಯಗಳಿರಬೇಕು ಎಂದು ತೋರಿಸಿದ್ದರು. ಲೋಹ ಸಮೃದ್ಧವಾಗಿದ್ದರೆ ಗಡಿ ಸೂರ್ಯನ ತೂಕದ ನೂರರಲ್ಲಿ ಏಳು ಪಾಲು, ಲೋಹ ಕಡಿಮೆಯಿದ್ದರೆ ಒಂಬತ್ತು ಪಾಲು ಎಂದು ಆಗಲೇ ಬರೆದಿದ್ದರು. ಕುಗ್ಗಿ ದಟ್ಟವಾದ ಒಡಲಲ್ಲಿ ಲೋಹವಿದ್ದರೆ, ತೆಳು ಮೋಡದಲ್ಲಿ ಆಗುವುದಕ್ಕೆ ಬದಲಾಗಿ, ಕಾವು ಒಳಗೇ ಉಳಿದು ಒಲೆ ಬೇಗ ಹೊತ್ತುತ್ತದೆ, ಇಲ್ಲವಾದರೆ ಇನ್ನಷ್ಟು ತೂಕ ಬೇಕು. ಈಚಿನ ಲೆಕ್ಕಗಳು ಅಂಕಿಗಳನ್ನು ಅಲ್ಪಸ್ವಲ್ಪ ತಿದ್ದಿವೆ, ದಿಕ್ಕು ಅದೇ. ಮೊದಲ ಕಂದು ಕುಬ್ಜಗಳು ಖಚಿತವಾದದ್ದು 1995ರಲ್ಲಿ, ಲೆಕ್ಕ ಬರೆದು ಮೂವತ್ತೆರಡು ವರ್ಷವಾದ ಮೇಲೆ. ಶಿವ್ ಕುಮಾರ್ ಹೆಸರನ್ನು ನಮ್ಮ ಶಾಲಾ ಪಠ್ಯಗಳಲ್ಲಿ ನಾನು ಕಂಡಿಲ್ಲ. ಇರಬೇಕಿತ್ತು.

ನಮ್ಮ ಬೆಂಗಳೂರಿಗೂ ಸಣ್ಣ ಮೋಡದೊಡನೆ ನಂಟಿದೆ. 2015ರ ಸೆಪ್ಟೆಂಬರಿನಲ್ಲಿ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕವನ್ನು ಸಿದ್ಧಪಡಿಸುವಲ್ಲಿ ಮುಂದಾಳತ್ವ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯದು, ಅದರ ಜೋಡಣೆ ಆದದ್ದು ಹೊಸಕೋಟೆಯ ಆವರಣದಲ್ಲಿ. ಆ ಸಂಸ್ಥೆಯ ಅನ್ನಪೂರ್ಣಿ ಸುಬ್ರಮಣಿಯಂ ಮತ್ತು ಅವರ ಜೊತೆಗಾರರು ಮೆಗಲಾನಿಕ್ ಮೋಡಗಳ ಆಕಾರ, ಗುಚ್ಛಗಳು, ಅಂಚಿನ ಎಳೆಯ ನಕ್ಷತ್ರಗಳ ಬಗ್ಗೆ ವರ್ಷಗಳಿಂದ ಕೆಲಸ ಮಾಡುತ್ತ ಬಂದಿದ್ದಾರೆ. ಬಿಸಿ ನಕ್ಷತ್ರಗಳು ಹೆಚ್ಚು ಹೊಳೆಯುವುದು ಅತಿನೇರಳೆಯಲ್ಲಿ. ಅದನ್ನು ಭೂಮಿಯ ವಾಯುಮಂಡಲ ತಡೆಯುವುದರಿಂದ ಇಂಥ ಉಪಕರಣ ಮೇಲಕ್ಕೇ ಹೋಗಬೇಕು.

ಕೊನೆಗೆ ನೋಡುವ ವಿಚಾರ. ನೇರವಾಗಿ ಹೇಳಿಬಿಡುತ್ತೇನೆ: ಕರ್ನಾಟಕದಿಂದ ಎನ್‌ಜಿಸಿ 602 ನೋಡುವ ಆಸೆ ಬಿಡಿ. ಬೀದರ್, ಕಲಬುರಗಿಗಳಲ್ಲಿ ಅದು ಹುಟ್ಟುವುದೇ ಇಲ್ಲ. ಬೆಂಗಳೂರಿನಲ್ಲಿ ಎಷ್ಟೇ ಮೇಲೇರಿದರೂ ದಿಗಂತದಿಂದ ಮೂರೂವರೆ ಡಿಗ್ರಿ. ನೆತ್ತಿಯ ಮೇಲಿನ ನಕ್ಷತ್ರದ ಬೆಳಕಿಗಿಂತ ಹತ್ತು ಪಟ್ಟಿಗೂ ಹೆಚ್ಚು ಗಾಳಿಯನ್ನು ದಾಟಿ ಬರಬೇಕು, ಅಷ್ಟರಲ್ಲಿ ಏನೂ ಉಳಿದಿರುವುದಿಲ್ಲ. ಜಾಗ ಎಲ್ಲಿದೆ ಎಂದು ತಿಳಿದುಕೊಳ್ಳಲು ಮಾತ್ರ ಅಡ್ಡಿಯಿಲ್ಲ. ನವೆಂಬರ್ ಕೊನೆಯಲ್ಲಿ ರಾತ್ರಿ ಒಂಬತ್ತು, ಒಂಬತ್ತೂವರೆಯ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ, ವೈತರಿಣಿ ಪುಂಜದ ಕೊನೆಯ ಉಜ್ವಲ ತಾರೆ ಅಚೆರ್ನಾರ್ ದಿಗಂತದಿಂದ ಇಪ್ಪತ್ತು ಡಿಗ್ರಿ ಎತ್ತರದಲ್ಲಿರುತ್ತದೆ. ಅದರಿಂದ ನೇರ ಕೆಳಕ್ಕೆ ಹದಿನಾರು ಡಿಗ್ರಿ, ಎಂದರೆ ಚಾಚಿದ ಕೈಯ ಒಂದೂವರೆ ಮುಷ್ಟಿಗಿಂತ ತುಸು ಹೆಚ್ಚು, ಅಲ್ಲಿ ನಮ್ಮ ಗುಚ್ಛ. ಕನ್ಯಾಕುಮಾರಿಗೆ ಹೋದವರು ಅದೇ ಕಾಲದಲ್ಲಿ, ಒಂದು ಗಂಟೆ ಮುಂಚೆ, ಬೈನಾಕ್ಯುಲರ್ ಹಿಡಿದು ಸಣ್ಣ ಮೋಡದ ಪಕ್ಕದ 47 ಟ್ಯುಕಾನೆ ಎಂಬ ಗೋಳಗುಚ್ಛ ಹುಡುಕಲಿ. ಸಮುದ್ರದ ಮೇಲೆ ಹತ್ತು ಡಿಗ್ರಿ ಎತ್ತರಕ್ಕೆ ಬರುತ್ತದೆ, ಗಾಳಿ ತಿಳಿಯಾಗಿದ್ದರೆ ಸಿಕ್ಕೀತು. ಅದು ನಮ್ಮ ಗ್ಯಾಲಕ್ಸಿಯದೇ, ಸುಮಾರು 15,000 ಜ್ಯೋತಿರ್ವರ್ಷ ದೂರ. ಸಣ್ಣ ಮೋಡದ ಮುಂದೆ ಅಕಸ್ಮಾತ್ತಾಗಿ ನಿಂತಿದೆ ಅಷ್ಟೆ.

ಅದೃಷ್ಟವಂತರು ಸಿಡ್ನಿ, ಮೆಲ್ಬರ್ನ್, ಆಕ್ಲೆಂಡ್‌ಗಳಲ್ಲಿ ನೆಲೆಸಿರುವ ನಮ್ಮವರು. ಅಲ್ಲಿ ಈ ಗುಚ್ಛ ಮುಳುಗುವುದೇ ಇಲ್ಲ, ನವೆಂಬರ್ ತಿಂಗಳಲ್ಲಿ ಆಕಾಶದ ಅರ್ಧಕ್ಕಿಂತ ಮೇಲೆ ನಿಂತಿರುತ್ತದೆ. ಡನ್‌ಲಪ್‌ನ ಪರಮಟ್ಟಾದ ಸುತ್ತಮುತ್ತ ಇವತ್ತು ಭಾರತೀಯರ ದೊಡ್ಡ ವಸತಿಯೇ ಇದೆ. ಅಲ್ಲಿನ ಬೀದಿದೀಪಗಳಿಂದ ಮಾತ್ರ ದೂರ ಹೋಗಬೇಕು. ಎಂಟು ಇಂಚು ಅಥವಾ ಅದಕ್ಕೂ ದೊಡ್ಡ ಕನ್ನಡಿಯ ದೂರದರ್ಶಕವಿರಲಿ, ಅಮಾವಾಸ್ಯೆಯ ಆಸುಪಾಸಿನ ರಾತ್ರಿ ಇರಲಿ, ಜೊತೆಗೆ ನೀಹಾರಿಕೆ ಫಿಲ್ಟರ್ ಒಂದಿದ್ದರೆ ಒಳ್ಳೆಯದು. ಹಬಲ್‌ನ ಬಣ್ಣಗಳನ್ನು ನಿರೀಕ್ಷಿಸಬೇಡಿ. ಸಿಗುವುದು ಬೂದು ಮಬ್ಬು, ಅದರೊಳಗೆ ಒಂದೆರಡು ಚುಕ್ಕೆ. ಬರುವ ಬೇಸಿಗೆ ರಜೆಗೆ ಅಲ್ಲಿನ ನೆಂಟರ ಮನೆಗೆ ಹೊರಟವರಿದ್ದರೆ ಅದು ಅಲ್ಲಿ ಚಳಿ ಶುರುವಾಗುವ ಕಾಲ ಎಂಬುದು ನೆನಪಿರಲಿ. ಸಂಜೆ ಗುಚ್ಛ ಕೆಳಗಿರುತ್ತದೆ, ಬೆಳಗಿನ ಜಾವಕ್ಕೆ ಎದ್ದರೆ ಮೇಲೇರಿರುತ್ತದೆ. ಸ್ವೆಟರ್ ಮರೆಯಬೇಡಿ.